ಲೆಕ್ಕಕ್ಕೆ ಬಾರದ ಆಟಗಾರ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಬೇಸ್‌ಬಾಲ್ ಅಧಿಕಾರಿಗಳು ೨೦೨೪ನೆಯ ಇಸವಿ ಮೇ ತಿಂಗಳ ಕೊನೆಯಲ್ಲಿ ತಮ್ಮ ದಾಖಲೆಯ ಪುಸ್ತಕಗಳನ್ನು ತಿದ್ದಿದರು. ದಾಂಡಿನ ಸರಾಸರಿಯಲ್ಲಿ ಒಂದು ಶತಮಾನದಷ್ಟು ಕಾಲ ಅಗ್ರಸ್ಥಾನದಲ್ಲಿದ್ದ ಟೈ ಕಾಬ್ ಆ ತಿದ್ದುಪಡಿಯಿಂದ ಎರಡನೆಯವನಾದನು. ಅವನ ಮೇಲೆ ಜಾಷ್ ಗಿಬ್ಸನ್ ಎಂಬ ಹೆಸರು ಬಂದು ನಿಂತಿತು. ಈ ಗಿಬ್ಸನ್ನನು ತೀರಿಕೊಂಡದ್ದು ೧೯೪೭ರಲ್ಲಿ. ಆ ಪುಸ್ತಕಗಳಲ್ಲಿ ಅಂದು ಲೆಕ್ಕ ಬರೆದಿಡುತ್ತಿದ್ದ ಪಂದ್ಯಗಳಲ್ಲಿ ಒಂದನ್ನಾದರೂ ಆಡುವ ಅವಕಾಶ ಅವನಿಗೆ ದೊರೆತಿರಲಿಲ್ಲ. ಬದುಕಿದ್ದಾಗ ಬಾಗಿಲನ್ನೇ ತೆರೆಯದ ಸಭೆಯಲ್ಲಿ ಸತ್ತು ಎಪ್ಪತ್ತೇಳು ವರ್ಷಗಳ ಮೇಲೆ ಒಬ್ಬನಿಗೆ ಅಗ್ರಪೂಜೆ ಸಂದ ಈ ಸಂಗತಿಯು ನಮ್ಮ ವಾಚಕರ ಲಕ್ಷ್ಯಕ್ಕೆ ತಕ್ಕದ್ದೆಂದು ನಮಗೆ ತೋರುತ್ತದೆ.

ಬೇಸ್‌ಬಾಲ್ ನಮ್ಮ ನಾಡಿನ ಆಟವಲ್ಲ. ಆದುದರಿಂದ ಅದರ ಸ್ವರೂಪವನ್ನು ನಾಲ್ಕು ಮಾತಿನಲ್ಲಿ ತಿಳಿಸಿ ಮುಂದುವರಿಯುವೆವು. ಕ್ರಿಕೆಟ್ಟನ್ನು ಬಲ್ಲವರಿಗೆ ಇದು ಕಷ್ಟವಾಗಲಾರದು. ಮೈದಾನದ ಒಂದು ಮೂಲೆಯಲ್ಲಿ ದಾಂಡಿಗನು ನಿಲ್ಲುವನು. ಅವನಿಂದ ೬೦ ಅಡಿ ೬ ಅಂಗುಲ ದೂರದಲ್ಲಿರುವ ಮಣ್ಣಿನ ದಿಬ್ಬದ ಮೇಲಿನಿಂದ ಪಿಚರ್ ಎಂಬುವನು ಚೆಂಡನ್ನು ನೆಲಕ್ಕೆ ತಾಗಿಸದೆ ಎಸೆಯುವನು. ದಾಂಡಿಗನು ಅದನ್ನು ಹೊಡೆದು, ೯೦ ಅಡಿಗಳ ಅಂತರದಲ್ಲಿ ಚೌಕವಾಗಿರುವ ನಾಲ್ಕು ನೆಲೆಗಳನ್ನು ಸುತ್ತಿ ಬಂದರೆ ಒಂದು ಓಟ. ಹೊಡೆದ ಚೆಂಡು ಬೇಲಿಯಾಚೆಗೆ ಹೋಯಿತೆಂದರೆ ಯಾರ ಭಯವೂ ಇಲ್ಲದೆ ನಾಲ್ಕು ನೆಲೆಗಳನ್ನೂ ಸುತ್ತಬಹುದು. ಇದಕ್ಕೆ ಹೋಮ್ ರನ್ ಎಂದು ಹೆಸರು. ನಮ್ಮ ಸಿಕ್ಸರಿಗೆ ಇದು ಅಣ್ಣನೆನ್ನಬಹುದು.

ದಾಂಡಿಗನ ಬೆನ್ನ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತಿರುವವನೇ ಕ್ಯಾಚರ್. ನಮ್ಮ ವಿಕೆಟ್‌ಕೀಪರನ ಸ್ಥಾನವೇ ಅವನದು. ಆದರೆ ಹೊಣೆ ಹೆಚ್ಚು. ಪಿಚರನು ಎಂತಹ ಚೆಂಡನ್ನು ಎಸೆಯಬೇಕೆಂಬುದನ್ನು ತೊಡೆಗಳ ಮರೆಯಲ್ಲಿ ಬೆರಳುಗಳ ಸಂಜ್ಞೆಯಿಂದ ತಿಳಿಸುವವನು ಅವನೇ. ಒಂದು ನೆಲೆಯಿಂದ ಇನ್ನೊಂದಕ್ಕೆ ಕದ್ದು ಓಡುವ ಎದುರಾಳಿಯನ್ನು ಕಂಡೊಡನೆ ಕುಳಿತಲ್ಲಿಂದ ಎದ್ದು, ೧೨೭ ಅಡಿ ದೂರದ ಎರಡನೆಯ ನೆಲೆಗೆ ಚೆಂಡನ್ನು ಬಾಣದಂತೆ ಬೀಸಬೇಕಾದವನೂ ಅವನೇ. ತಂಡದ ಉಳಿದ ಎಂಟು ಮಂದಿಯೂ ದಾಂಡಿಗನ ಕಡೆಗೆ ಮುಖಮಾಡಿ ನಿಂತಿರುವಾಗ ಕ್ಯಾಚರನೊಬ್ಬನು ಮೈದಾನಕ್ಕೆ ಮುಖಮಾಡಿರುವನು. ಇಡೀ ಆಟವು ಅವನೊಬ್ಬನ ಕಣ್ಣಿಗೆ ಬೀಳುವುದು. ಮುಖಕ್ಕೆ ತಂತಿಯ ಜಾಲರಿ, ಎದೆಗೆ ಮೆತ್ತೆ, ಮೊಳಕಾಲಿಗೆ ಕವಚ, ಎಡಗೈಗೆ ದಪ್ಪನೆಯ ಚರ್ಮದ ಕೈಗವಸು—ಇಷ್ಟು ಹೊತ್ತುಕೊಂಡು ಬೇಸಿಗೆಯ ಬಿಸಿಲಿನಲ್ಲಿ ಒಂದು ಪಂದ್ಯಕ್ಕೆ ನೂರಕ್ಕೂ ಹೆಚ್ಚು ಸಲ ಕೂತು ಏಳಬೇಕು. ಬೆರಳು ಮುರಿಯುವುದು, ಮೊಣಕಾಲು ಸವೆಯುವುದು ಈ ಕಸುಬಿನ ದಿನಗೂಲಿ. ಕ್ಯಾಚರರಲ್ಲಿ ದೊಡ್ಡ ದಾಂಡಿಗರು ವಿರಳವೆಂಬುದು ಇದರಿಂದಲೇ. ಇನ್ನು ಅತ್ಯಂತ ದೊಡ್ಡ ದಾಂಡಿಗನೇ ಕ್ಯಾಚರನಾಗಿದ್ದನೆಂದರೆ ಅದು ಎಷ್ಟರ ಮಾತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಕಪ್ಪು ವರ್ಣದವರು ಬಿಳಿಯರ ಲೀಗುಗಳಲ್ಲಿ ಆಡಬಾರದೆಂಬ ಕಟ್ಟು ಮೊದಲಿನಿಂದಲೂ ಇದ್ದುದಲ್ಲ. ೧೮೮೪ರಲ್ಲಿ, ಆಗ ದೊಡ್ಡ ಲೀಗುಗಳಲ್ಲಿ ಒಂದಾಗಿದ್ದ ಅಮೆರಿಕನ್ ಅಸೋಸಿಯೇಷನ್ನಿನ ಟೊಲಿಡೋ ತಂಡಕ್ಕೆ ಮೋಸಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಯುವಕನು ೪೨ ಪಂದ್ಯಗಳನ್ನು ಆಡಿದನು. ಅವನೂ ಕ್ಯಾಚರನೇ. ಅವನ ತಂಡದ ಪಿಚರನಾದ ಟೋನಿ ಮುಲೇನನು ಬಹುಕಾಲದ ಮೇಲೆ ತಾನಾಗಿಯೇ ಒಂದು ಮಾತನ್ನು ಒಪ್ಪಿಕೊಂಡನು. ವಾಕರನಂತಹ ಒಳ್ಳೆಯ ಕ್ಯಾಚರನನ್ನು ತಾನು ಕಾಣಲಿಲ್ಲವೆಂದೂ, ಆದರೆ ಕಪ್ಪು ಮನುಷ್ಯನ ಸಂಜ್ಞೆಯನ್ನು ಪಾಲಿಸಲು ಮನಸ್ಸೊಪ್ಪದೆ ತನಗೆ ತೋಚಿದ ಚೆಂಡನ್ನು ಎಸೆಯುತ್ತಿದ್ದೆನೆಂದೂ ಅವನು ಹೇಳಿದನು. ಯಾವ ಚೆಂಡು ಬರುವುದೆಂದು ತಿಳಿಯದೆ, ಇಂದಿನ ದಪ್ಪ ಕೈಗವಸೂ ಇಲ್ಲದ ಆ ಕಾಲದಲ್ಲಿ, ವಾಕರನು ಅವನ್ನೆಲ್ಲ ಹಿಡಿಯುತ್ತಿದ್ದನು. ಬೇಸ್‌ಬಾಲಿನ ವರ್ಣಭೇದದ ಚರಿತ್ರೆಯನ್ನು ಎಷ್ಟು ಓದಿದರೂ ಈ ಒಂದು ಚಿತ್ರಕ್ಕಿಂತ ಹೆಚ್ಚಿನದನ್ನು ನಾವು ಕಂಡಿಲ್ಲ. ಮುಂದೆ ಮೂರು ವರ್ಷಗಳಲ್ಲಿ ಬಾಗಿಲು ಮುಚ್ಚತೊಡಗಿತು. ಇಪ್ಪತ್ತನೆಯ ಶತಮಾನವು ಹುಟ್ಟುವ ವೇಳೆಗೆ ಅಗಳಿ ಬಿದ್ದಿತ್ತು. ಬರೆದಿಟ್ಟ ಕಾನೂನು ಯಾವುದೂ ಇರಲಿಲ್ಲ. ತಂಡಗಳ ಒಡೆಯರ ನಡುವೆ ತಿಳಿವಳಿಕೆ ಇದ್ದಿತು, ಅಷ್ಟೆ.

ಹೊರಗೆ ಉಳಿದವರು ತಮ್ಮದೇ ತಂಡಗಳನ್ನು ಕಟ್ಟಿಕೊಂಡರು. ರೂಬ್ ಫಾಸ್ಟರ್ ಎಂಬ ಸಮರ್ಥನು ೧೯೨೦ರಲ್ಲಿ ಕ್ಯಾನ್ಸಸ್ ನಗರದಲ್ಲಿ ಸಭೆ ಸೇರಿಸಿ ನೀಗ್ರೋ ನ್ಯಾಷನಲ್ ಲೀಗನ್ನು ಸ್ಥಾಪಿಸಿದನು. (ನೀಗ್ರೋ ಎಂಬುದು ಆ ಕಾಲದ ಶಬ್ದ, ಇಂದು ಸಭ್ಯರ ಬಾಯಲ್ಲಿ ಅದು ಆ ಲೀಗುಗಳ ಹೆಸರಿನಲ್ಲಿ ಮಾತ್ರ ಉಳಿದಿದೆ.) ಕೆಲವು ಲೀಗುಗಳು ಹುಟ್ಟಿದವು, ಮುಳುಗಿದವು, ಮತ್ತೆ ಹುಟ್ಟಿದವು.

ಜಾಷ್ ಗಿಬ್ಸನ್ನನು ೧೯೧೧ನೆಯ ಇಸವಿ ಡಿಸೆಂಬರ್ ೨೧ರಂದು ಜಾರ್ಜಿಯಾ ಸಂಸ್ಥಾನದ ಬ್ಯುಯೆನಾ ವಿಸ್ಟಾ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ದಕ್ಷಿಣದ ಬೇಸಾಯದಲ್ಲಿ ಹೊಟ್ಟೆ ತುಂಬದೆಯೂ, ಅಲ್ಲಿನ ಬಿಳಿಯರ ದಬ್ಬಾಳಿಕೆಯನ್ನು ತಾಳಲಾರದೆಯೂ ಲಕ್ಷಾಂತರ ಕಪ್ಪು ಜನರು ಉತ್ತರದ ಕಾರ್ಖಾನೆಗಳಿಗೆ ವಲಸೆ ಹೋಗುತ್ತಿದ್ದ ಕಾಲವದು. ತಂದೆ ಮಾರ್ಕ್ ಗಿಬ್ಸನ್ನನು ಪಿಟ್ಸ್‌ಬರ್ಗಿನ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿ ಹಿಡಿದು, ತರುವಾಯ ಹೆಂಡತಿ ಮಕ್ಕಳನ್ನು ಕರೆಸಿಕೊಂಡನು. ಜಾಷನು ವಿದ್ಯುತ್ತಿನ ಕೆಲಸ ಕಲಿಯಲು ಶಾಲೆಗೆ ಸೇರಿ, ಕೆಲವು ಕಾಲದಲ್ಲಿ ಅದನ್ನು ಬಿಟ್ಟನು, ಕಾರ್ಖಾನೆಯಲ್ಲಿ ದುಡಿದನು, ಗಿಂಬೆಲ್ಸ್ ಎಂಬ ದೊಡ್ಡ ಅಂಗಡಿಯಲ್ಲಿ ಜನರನ್ನು ಮೇಲೆ ಕೆಳಗೆ ಒಯ್ಯುವ ಲಿಫ್ಟನ್ನು ನಡೆಸಿದನು. ಸಂಜೆಯ ಹೊತ್ತು ಬಡಾವಣೆಯ ತಂಡಗಳಲ್ಲಿ ಆಡುತ್ತ ಹದಿನೆಂಟನೆಯ ವಯಸ್ಸಿಗೆ ಊರಲ್ಲೆಲ್ಲ ಹೆಸರಾದನು. ಆರಡಿ ಒಂದಂಗುಲ ಎತ್ತರ, ಉಕ್ಕಿನ ಕೆಲಸಗಾರನ ತೋಳು. ಅವನು ದಾಂಡು ಹಿಡಿದು ನಿಂತರೆ ದೊಡ್ಡ ಹೆಜ್ಜೆಯನ್ನೂ ಹಾಕುತ್ತಿರಲಿಲ್ಲ, ಮೈಯನ್ನು ಬಳುಕಿಸುತ್ತಲೂ ಇರಲಿಲ್ಲ. ಅಲುಗದ ಪಾದಗಳ ಮೇಲೆ ನಿಂತು ಒಂದು ಗಿಡ್ಡ ಬೀಸು, ಅಷ್ಟರಲ್ಲಿ ಚೆಂಡು ಬೇಲಿಯಾಚೆ ಎಂದು ಕಂಡವರೆಲ್ಲರೂ ಹೇಳಿದ್ದಾರೆ.

೧೯೩೦ರ ಬೇಸಿಗೆಯಲ್ಲಿ ಅವನು ಹೋಮ್‌ಸ್ಟೆಡ್ ಗ್ರೇಸ್ ಎಂಬ ಪ್ರಸಿದ್ಧ ತಂಡವನ್ನು ಸೇರಿದನು. ಇದರ ಬಗೆಗೆ ಒಂದು ಕಥೆಯುಂಟು. ಆಗ ಕ್ಯಾನ್ಸಸ್ ನಗರದ ಮೊನಾರ್ಕ್ಸ್ ತಂಡದವರು ಲಾರಿಗಳ ಮೇಲೆ ದೀಪದ ಕಂಬಗಳನ್ನೂ ಭೋರಿಡುವ ವಿದ್ಯುದ್ಯಂತ್ರವನ್ನೂ ಹೊತ್ತುಕೊಂಡು ಊರೂರಿಗೆ ಹೋಗಿ ರಾತ್ರಿಯ ಪಂದ್ಯಗಳನ್ನು ಆಡುತ್ತಿದ್ದರು. ಪಿಟ್ಸ್‌ಬರ್ಗಿನಲ್ಲಿ ಅಂತಹ ಒಂದು ಮಬ್ಬು ಬೆಳಕಿನ ರಾತ್ರಿ ಸಂಜ್ಞೆ ತಪ್ಪಿ ಗ್ರೇಸ್ ತಂಡದ ಕ್ಯಾಚರನ ಬೆರಳು ಒಡೆಯಿತಂತೆ. ಪ್ರೇಕ್ಷಕರ ನಡುವೆ ಕುಳಿತಿದ್ದ ಗಿಬ್ಸನ್ನನನ್ನು ಕೂಗಿ ಕರೆದು ಉಡುಪು ತೊಡಿಸಿ ಮೈದಾನಕ್ಕೆ ಇಳಿಸಿದರಂತೆ. ಶೋಧಕರು ಇದನ್ನು ಪೂರ್ಣವಾಗಿ ಒಪ್ಪುವುದಿಲ್ಲ. ಆದರೆ ಆ ವರ್ಷದಲ್ಲಿಯೇ ಅವನು ತಂಡದ ಮುಖ್ಯ ಆಟಗಾರರಲ್ಲಿ ಒಬ್ಬನಾದುದು ನಿಜ. ಅದೇ ಆಗಸ್ಟ್ ತಿಂಗಳಲ್ಲಿ ಅವನ ಎಳೆಯ ಹೆಂಡತಿ ಹೆಲೆನಳು ಅವಳಿ ಮಕ್ಕಳನ್ನು ಹೆತ್ತು ಪ್ರಸವದಲ್ಲಿ ತೀರಿಕೊಂಡುದೂ ನಿಜ. ಗಿಬ್ಸನ್ನನಿಗೆ ಆಗ ಹತ್ತೊಂಬತ್ತು ಸಹ ತುಂಬಿರಲಿಲ್ಲ. ಮಕ್ಕಳನ್ನು ಹೆಂಡತಿಯ ತೌರಿನವರು ಸಾಕಿದರು. ತಂದೆಯು ಬಸ್ಸು ಹತ್ತಿದನು.

ಬಸ್ಸೆಂದೆವು. ಆ ಆಟಗಾರರ ಜೀವನದ ಅರ್ಧಭಾಗ ಬಸ್ಸಿನಲ್ಲಿಯೇ ಸವೆಯಿತು. ಲೀಗಿನ ಪಂದ್ಯಗಳಿಂದ ಮಾತ್ರ ತಂಡವು ಬದುಕುವಂತಿರಲಿಲ್ಲ. ದಾರಿಯಲ್ಲಿ ಸಿಕ್ಕುವ ಊರಿನ ತಂಡ, ಕಾರ್ಖಾನೆಯ ತಂಡ ಎಲ್ಲರೊಡನೆಯೂ ಆಡಿ ಬಾಗಿಲಲ್ಲಿ ಬಂದ ಹಣವನ್ನು ಹಂಚಿಕೊಳ್ಳಬೇಕಾಗಿತ್ತು. ಒಂದೇ ದಿನ ಎರಡು ಪಂದ್ಯಗಳು, ಕೆಲವು ಸಲ ಮೂರು. ಎಷ್ಟೋ ಊರುಗಳಲ್ಲಿ ಅವರ ಆಟಕ್ಕೆ ಟಿಕೀಟು ಕೊಂಡು ಬಂದ ಜನರೇ ಅವರಿಗೆ ಹೋಟೆಲಿನಲ್ಲಿ ಕೊಠಡಿ ಕೊಡುತ್ತಿರಲಿಲ್ಲ, ಊಟದ ಮೇಜಿಗೆ ಸೇರಿಸುತ್ತಿರಲಿಲ್ಲ. ಬಸ್ಸಿನಲ್ಲಿಯೇ ನಿದ್ರೆ, ಬಸ್ಸಿನಲ್ಲಿಯೇ ರೊಟ್ಟಿ. ಮರುದಿನ ಮಧ್ಯಾಹ್ನ ಕ್ಯಾಚರನು ಮತ್ತೆ ಕುಕ್ಕರುಗಾಲಿನಲ್ಲಿ ಕೂರಬೇಕು.

೧೯೩೨ರಿಂದ ಐದು ವರ್ಷಗಳ ಕಾಲ ಅವನು ಪಿಟ್ಸ್‌ಬರ್ಗಿನ ಇನ್ನೊಂದು ತಂಡವಾದ ಕ್ರಾಫರ್ಡ್ಸಿಗೆ ಆಡಿದನು. ಅದರ ಒಡೆಯನಾದ ಗಸ್ ಗ್ರೀನ್‌ಲೀ ಅಂಕಿಯ ಜೂಜಿನಿಂದ—ನಮ್ಮವರು ಮಟ್ಕಾ ಎನ್ನುವಂತಹುದೇ—ಹಣ ಗಳಿಸಿದವನು. ಆ ಹಣದಿಂದಲೇ ಅವನು ಕಪ್ಪು ಜನರಿಗೆಂದು ಸ್ವಂತ ಮೈದಾನವನ್ನು ಕಟ್ಟಿಸಿದನು, ೧೯೩೩ರಲ್ಲಿ ಮುಳುಗಿದ್ದ ಲೀಗನ್ನು ಮತ್ತೆ ಎತ್ತಿ ನಿಲ್ಲಿಸಿದನು. ಬ್ಯಾಂಕುಗಳು ಕಪ್ಪು ವ್ಯಾಪಾರಿಗೆ ಸಾಲ ಕೊಡದಿದ್ದ ಆ ದಿನಗಳಲ್ಲಿ ಧರ್ಮಕಾರ್ಯಕ್ಕೂ ಜೂಜಿನ ಹಣವೇ ಒದಗಬೇಕಾಯಿತು. ಗೃಹಸ್ಥರಾದ ನಮಗೆ ಇದು ರುಚಿಸದಿದ್ದರೂ ಇದ್ದುದನ್ನು ಇದ್ದಂತೆಯೇ ಹೇಳಬೇಕು. ಆ ತಂಡದಲ್ಲಿ ಗಿಬ್ಸನ್ನನ ಜೊತೆಗೆ ಸ್ಯಾಚೆಲ್ ಪೇಜ್, ಕೂಲ್ ಪಾಪಾ ಬೆಲ್, ಆಸ್ಕರ್ ಚಾರ್ಲ್ಸ್‌ಟನ್, ಜೂಡಿ ಜಾನ್‌ಸನ್ ಇದ್ದರು. ಈ ಐವರೂ ಇಂದು ಕೂಪರ್ಸ್‌ಟೌನಿನ ಕೀರ್ತಿಮಂದಿರದಲ್ಲಿ ಇದ್ದಾರೆ.

ದೇಶದ ಗಡಿಯನ್ನು ದಾಟಿದರೆ ಅವನಿಗೆ ಬೇರೊಂದು ಲೋಕ ಕಾಣುತ್ತಿತ್ತು. ೧೯೩೭ರಲ್ಲಿ ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ಟ್ರುಹಿಯೋನ ಹೆಸರಿನ ನಗರದ ತಂಡಕ್ಕೆ ಪೇಜನೂ ಗಿಬ್ಸನ್ನನೂ ಹೋಗಿ ಆಡಿ ಗೆಲ್ಲಿಸಿದರು. ೧೯೪೦ ಮತ್ತು ೧೯೪೧ರಲ್ಲಿ ಗಿಬ್ಸನ್ನನು ಮೆಕ್ಸಿಕೋದಲ್ಲಿದ್ದನು. ೧೯೪೧–೪೨ರ ಚಳಿಗಾಲದಲ್ಲಿ ಪೋರ್ಟೊ ರಿಕೊ ದ್ವೀಪದ ಲೀಗಿನಲ್ಲಿ ಸಾವಿರಕ್ಕೆ ೪೮೦ರ ಸರಾಸರಿಯನ್ನು ಗಳಿಸಿ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ಪಡೆದನು. ಅಲ್ಲೆಲ್ಲ ಅವನು ಎಲ್ಲರಂತೆ ಹೋಟೆಲಿನಲ್ಲಿ ಇಳಿದುಕೊಳ್ಳಬಹುದಾಗಿತ್ತು. ಸ್ವದೇಶದಲ್ಲಿ ಅವನನ್ನು ಹೊಗಳುವವರು ಸಹ ‘ಕಪ್ಪು ಬೇಬ್ ರೂತ್’ ಎಂದು ಕರೆಯುತ್ತಿದ್ದರು. ರೂತನು ಬಿಳಿಯರ ಮಹಾ ದಾಂಡಿಗ. ರೂತನನ್ನೇ ಬಿಳಿಯ ಗಿಬ್ಸನ್ನನೆಂದು ಏಕೆ ಕರೆಯಬಾರದೆಂದು ಕೇಳಿದ ಅಭಿಮಾನಿಗಳೂ ಇದ್ದರು. ಪ್ರಶ್ನೆ ಸರಿಯಾಗಿಯೇ ಇದೆ.

೧೯೩೭ರಿಂದ, ಮೆಕ್ಸಿಕೋದ ಆ ಎರಡು ವರ್ಷಗಳನ್ನು ಬಿಟ್ಟು, ಅವನು ಗ್ರೇಸ್ ತಂಡದಲ್ಲಿಯೇ ಇದ್ದನು. ಬಕ್ ಲೆನರ್ಡ್ ಎಂಬ ಮತ್ತೊಬ್ಬ ಮಹಾ ದಾಂಡಿಗನೊಡನೆ ಸೇರಿ ಆ ತಂಡಕ್ಕೆ ವರ್ಷವರ್ಷವೂ ಲೀಗಿನ ಪತಾಕೆಯನ್ನು ತಂದುಕೊಟ್ಟನು. ವಾಷಿಂಗ್ಟನ್ ನಗರದಲ್ಲಿ ಬಿಳಿಯರ ಸೆನೆಟರ್ಸ್ ತಂಡದ ಮೈದಾನವನ್ನು ಗ್ರೇಸ್ ತಂಡದವರು ಬಾಡಿಗೆಗೆ ಹಿಡಿಯುತ್ತಿದ್ದರು. ಮೈದಾನದ ಒಡೆಯನಾದ ಕ್ಲಾರ್ಕ್ ಗ್ರಿಫಿತ್ ಒಮ್ಮೆ ಗಿಬ್ಸನ್ನನನ್ನೂ ಲೆನರ್ಡನನ್ನೂ ತನ್ನ ಕಛೇರಿಗೆ ಕರೆಸಿ, ದೊಡ್ಡ ಲೀಗಿನಲ್ಲಿ ಆಡಲು ಇಷ್ಟವುಂಟೇ ಎಂದು ವಿಚಾರಿಸಿದನೆಂದು ಲೆನರ್ಡನು ಮುಂದೆ ಹೇಳಿದ್ದಾನೆ. ಇಷ್ಟವುಂಟೆಂದು ಇಬ್ಬರೂ ಉತ್ತರಕೊಟ್ಟರು. ಅನಂತರ ಆ ಮಾತು ಮುಂದುವರಿಯಲಿಲ್ಲ. ಗ್ರಿಫಿತನ ಸ್ವಂತ ತಂಡವು ಬಹುಪಾಲು ವರ್ಷಗಳಲ್ಲಿ ಸೋಲುತ್ತಿತ್ತು. ಬಾಡಿಗೆಯ ಹಣ ಮಾತ್ರ ತಪ್ಪದೆ ಬರುತ್ತಿತ್ತು.

ಇಲ್ಲಿ ಏಕಲವ್ಯನ ನೆನಪು ನಮ್ಮ ವಾಚಕರಿಗೆ ಬಂದೇ ಬರುವುದು. ಆದರೆ ಒಂದು ಭೇದವುಂಟು. ಏಕಲವ್ಯನ ವಿದ್ಯೆಯನ್ನು ಕಂಡು ಹೆದರಿ ಹೆಬ್ಬೆರಳನ್ನು ಕೇಳಿದರು. ಕೇಳಿದ್ದಾದರೂ ಎಲ್ಲರ ಮುಂದೆ. ಗಿಬ್ಸನ್ನನಿಂದ ಯಾರೂ ಏನನ್ನೂ ಕೇಳಲಿಲ್ಲ. ಲೀಗುಗಳ ಮೇಲಣ ಮುಖ್ಯಾಧಿಕಾರಿಯಾದ ನ್ಯಾಯಾಧೀಶ ಲ್ಯಾಂಡಿಸ್ ೧೯೪೨ರಲ್ಲಿ, ಕಪ್ಪು ಆಟಗಾರರನ್ನು ತಡೆಯುವ ನಿಯಮವೇ ಇಲ್ಲವೆಂದು ಪ್ರಕಟವಾಗಿ ಸಾರಿದನು. ತಡೆಯುವ ನಿಯಮವಿಲ್ಲ; ಆಡಿದ ಕಪ್ಪು ಆಟಗಾರನೂ ಇಲ್ಲ.

೧೯೪೩ರ ಮೊದಲ ದಿನವೇ ಗಿಬ್ಸನ್ನನು ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದನು. ಮೆದುಳಿನಲ್ಲಿ ಗಡ್ಡೆಯಿದೆಯೆಂದು ವೈದ್ಯರು ತಿಳಿಸಿದರು. ಶಸ್ತ್ರಚಿಕಿತ್ಸೆಗೆ ಅವನು ಒಪ್ಪಲಿಲ್ಲ. ತಲೆನೋವು ಬಿಡಲಿಲ್ಲ, ಕುಡಿತವು ಹೆಚ್ಚಿತು, ನಡುನಡುವೆ ಚಿತ್ತವು ಕದಡಿ ಆಸ್ಪತ್ರೆಯ ವಾಸವಾಗುತ್ತಿತ್ತು. ಮೊಣಕಾಲುಗಳು ಹಾಳಾಗಿದ್ದವು. ಹೀಗಿದ್ದ ಆ ೧೯೪೩ರಲ್ಲಿಯೇ ಅವನ ಸರಾಸರಿ ಸಾವಿರಕ್ಕೆ ೪೬೬. ಬೇಸ್‌ಬಾಲಿನಲ್ಲಿ ಸಾವಿರಕ್ಕೆ ಮುನ್ನೂರು ಸಲ ಹೊಡೆದವನು ಒಳ್ಳೆಯ ದಾಂಡಿಗನೆನಿಸುವನು; ನಾನೂರನ್ನು ಮುಟ್ಟಿದವರನ್ನು ಬೆರಳಮೇಲೆ ಎಣಿಸಿ ಹೆಸರಿಸುವರು. ಒಂದು ವರ್ಷದ ಸರಾಸರಿಯಲ್ಲಿ ಆ ೪೬೬ ಇಂದು ದಾಖಲೆಯ ಮೊದಲನೆಯ ಸಾಲು. ಆ ವರ್ಷವೂ ಮರುವರ್ಷವೂ ಗ್ರೇಸ್ ತಂಡವು ಕಪ್ಪು ಲೀಗುಗಳ ಜಗತ್‌ಸರಣಿಯನ್ನು ಗೆದ್ದಿತು.

ಬಾಗಿಲು ತೆರೆಯುವ ಸದ್ದು ೧೯೪೫ರ ಅಕ್ಟೋಬರಿನಲ್ಲಿ ಕೇಳಿಸಿತು. ಬ್ರೂಕ್ಲಿನ್ ಡಾಜರ್ಸ್ ಸಂಸ್ಥೆಯವರು ಜಾಕಿ ರಾಬಿನ್‌ಸನ್ ಎಂಬ ಯುವಕನನ್ನು ಆರಿಸಿಕೊಂಡರು. ರಾಬಿನ್‌ಸನ್ನನು ದೊಡ್ಡ ಲೀಗಿನ ಮೈದಾನದಲ್ಲಿ ಕಾಲಿಟ್ಟದ್ದು ೧೯೪೭ನೆಯ ಏಪ್ರಿಲ್ ೧೫ರಂದು. ಗಿಬ್ಸನ್ನನು ಅದೇ ವರ್ಷದ ಜನವರಿ ೨೦ರಂದು ಪಿಟ್ಸ್‌ಬರ್ಗಿನಲ್ಲಿ ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡನು. ಎದೆಯೊಡೆದು ಸತ್ತನೆಂದು ಬರೆಯುವವರುಂಟು. ನಮಗೆ ಅದು ಅಷ್ಟಾಗಿ ಒಪ್ಪಿಗೆಯಾಗದು. ಸತ್ತದ್ದು ಮೆದುಳಿನ ರಕ್ತನಾಳದ ಆಘಾತದಿಂದ. ರೋಗವನ್ನು ಮರೆಮಾಡಿ ಕರುಣಕಥೆಯನ್ನು ಕಟ್ಟಿದರೆ ಕೇಳಲು ಇಂಪಾಗಬಹುದು. ಆದರೆ ನಾಲ್ಕು ವರ್ಷ ಆ ರೋಗದೊಡನೆ ಕುಕ್ಕರುಗಾಲಿನಲ್ಲಿ ಕುಳಿತವನ ಧೈರ್ಯವು ಅದರಲ್ಲಿ ಮುಚ್ಚಿಹೋಗುತ್ತದೆ. ಅಲಿಗೆನಿ ಸ್ಮಶಾನದಲ್ಲಿ ಅವನನ್ನು ಹೂಳಿದರು. ಅಲ್ಲಿ ಹೆಸರು ಕೆತ್ತಿದ ಕಲ್ಲು ನಿಂತದ್ದು ೧೯೭೫ರಲ್ಲಿ. ಅಷ್ಟರಲ್ಲಿ ಅವನು ಕೀರ್ತಿಮಂದಿರಕ್ಕೆ ಸೇರಿ ಮೂರು ವರ್ಷಗಳಾಗಿದ್ದವು.

ಇನ್ನು ಲೆಕ್ಕದ ಮಾತು. ಗಿಬ್ಸನ್ನನು ಎಷ್ಟು ಹೋಮ್ ರನ್ನುಗಳನ್ನು ಹೊಡೆದನು? ಕೀರ್ತಿಮಂದಿರದ ಫಲಕದಲ್ಲಿ ಎಂಟುನೂರರ ಸಮೀಪವೆಂದಿದೆ. ೨೦೨೪ರಲ್ಲಿ ಒಪ್ಪಿದ ದಾಖಲೆಯಲ್ಲಿ ಇನ್ನೂರಕ್ಕೂ ಕಡಮೆ! ಶಾಲೆಯ ಹಾಜರಿ ಪುಸ್ತಕವನ್ನು ಬಹುಕಾಲ ತುಂಬಿದ ನಮಗೆ ಈ ಅಂತರದಲ್ಲಿ ಆಶ್ಚರ್ಯವೇನೂ ಇಲ್ಲ. ಲೀಗಿನ ಪಂದ್ಯಗಳು ವರ್ಷಕ್ಕೆ ಐವತ್ತೋ ಎಂಬತ್ತೋ ಮಾತ್ರ; ಉಳಿದ ನೂರಾರು ಪಂದ್ಯಗಳು ಊರೂರ ಬಯಲುಗಳಲ್ಲಿ ನಡೆದವು. ಬಿಳಿಯರ ದಿನಪತ್ರಿಕೆಗಳು ಕಪ್ಪು ಲೀಗಿನ ಪಂದ್ಯಗಳನ್ನು ಬಹುಮಟ್ಟಿಗೆ ಅಚ್ಚು ಹಾಕುತ್ತಿರಲಿಲ್ಲ. ಪಿಟ್ಸ್‌ಬರ್ಗ್ ಕೊರಿಯರ್, ಷಿಕಾಗೋ ಡಿಫೆಂಡರ್ ಮೊದಲಾದ ಕಪ್ಪು ಜನರ ವಾರಪತ್ರಿಕೆಗಳು ಸ್ಥಳವಿದ್ದಷ್ಟು ಹಾಕಿದವು.

ತರ್ಕಶಾಸ್ತ್ರವನ್ನು ಓದಿದವರಿಗೆ ಇಲ್ಲಿ ಹಳೆಯದೊಂದು ಚರ್ಚೆ ನೆನಪಾಗುವುದು. ಯಾರು ಮೊದಲು ಹೇಳಿದರೆಂದು ತಿಳಿಯದೆ ಬಾಯಿಂದ ಬಾಯಿಗೆ ಬಂದ ಮಾತನ್ನು ಐತಿಹ್ಯವೆನ್ನುವರು; ಪೌರಾಣಿಕರು ಅದನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪುವರು, ನೈಯಾಯಿಕರು ಒಪ್ಪರು. ಎಂಟುನೂರು ಎಂಬುದು ಐತಿಹ್ಯ. ಐತಿಹ್ಯವು ಬೆಳೆಯುವ ಬಗೆಯನ್ನು ೧೯೪೨ರ ಜಗತ್‌ಸರಣಿಯಲ್ಲಿ ಕಾಣಬಹುದು. ಮೂರು ನೆಲೆಗಳಲ್ಲಿಯೂ ಓಟಗಾರರಿದ್ದಾಗ ಸ್ಯಾಚೆಲ್ ಪೇಜನು ತನ್ನ ಹಳೆಯ ಗೆಳೆಯ ಗಿಬ್ಸನ್ನನನ್ನು ಮೂರೇ ಚೆಂಡುಗಳಲ್ಲಿ ಔಟು ಮಾಡಿದನು. ಗಿಬ್ಸನ್ನನನ್ನು ಎದುರಿಸುವುದಕ್ಕೆಂದೇ ಹಿಂದಿನ ದಾಂಡಿಗರನ್ನು ಬೇಕೆಂದು ನೆಲೆಗಳಿಗೆ ಬಿಟ್ಟನೆಂಬ ಸ್ವಾರಸ್ಯವು ಮಾತ್ರ ಪೇಜನು ಕಥೆಯನ್ನು ಹೇಳುತ್ತ ಹೇಳುತ್ತ ಕೂಡಿಕೊಂಡದ್ದು.

ಆದರೆ ಅದೇ ಶಾಸ್ತ್ರವು ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ಕಾಣದಿರುವುದರಿಂದ ‘ಇಲ್ಲ’ವೆಂದು ತಿಳಿಯುವುದಕ್ಕೆ ಅನುಪಲಬ್ಧಿಯೆಂದು ಹೆಸರು. ಅದಕ್ಕೆ ಒಂದು ಕಟ್ಟಳೆಯುಂಟು: ಇದ್ದಿದ್ದರೆ ಕಾಣಲೇಬೇಕಾಗಿತ್ತು ಎನ್ನುವಂತಿರಬೇಕು. ದೀಪ ಹಚ್ಚಿದ ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡವಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಹಾಗೆ ಹೇಳಲಾಗದು. ಕಪ್ಪು ಲೀಗುಗಳ ವಿಷಯದಲ್ಲಿ ದೊಡ್ಡವರು ಮಾಡಿದ ತಪ್ಪು ಇದೇ. ತಾವೇ ದೀಪವನ್ನು ಒಯ್ಯದೆ, ಅಲ್ಲಿ ಏನೂ ಕಾಣಲಿಲ್ಲವಾದುದರಿಂದ ಏನೂ ಇರಲಿಲ್ಲವೆಂದು ಬರೆದುಕೊಂಡರು.

ದೀಪವನ್ನು ಒಯ್ದವರು ಕೆಲವರು ಹವ್ಯಾಸಿ ಶೋಧಕರು. ಹಲವು ದಶಕಗಳ ಕಾಲ ಅವರು ಹಳೆಯ ವಾರಪತ್ರಿಕೆಗಳನ್ನು ಒಂದೊಂದಾಗಿ ಓದಿ, ಪಂದ್ಯಗಳ ಪಟ್ಟಿಗಳನ್ನು ನಕಲುಮಾಡಿ, ಕೂಡಿಸಿದರು. ಇವರ ದುಡಿಮೆಯ ಮೇಲೆ ನಿಂತು ಅಧಿಕಾರಿಗಳು ೨೦೨೦ರ ಡಿಸೆಂಬರಿನಲ್ಲಿ, ೧೯೨೦ರಿಂದ ೧೯೪೮ರವರೆಗಿನ ಏಳು ಕಪ್ಪು ಲೀಗುಗಳು ದೊಡ್ಡ ಲೀಗುಗಳೇ ಎಂದು ಒಪ್ಪಿದರು. ೨೦೨೪ರಲ್ಲಿ ೨,೩೦೦ಕ್ಕೂ ಹೆಚ್ಚು ಆಟಗಾರರ ಲೆಕ್ಕವು ಮುಖ್ಯ ಪುಸ್ತಕವನ್ನು ಸೇರಿತು. ಗಿಬ್ಸನ್ನನ ಜೀವಮಾನದ ಸರಾಸರಿ ಸಾವಿರಕ್ಕೆ ೩೭೨, ಕಾಬನದು ೩೬೭. ಹೊಡೆತಗಳ ಬಲವನ್ನು ಅಳೆಯುವ ಇನ್ನೊಂದು ಲೆಕ್ಕದಲ್ಲಿ ಗಿಬ್ಸನ್ನನದು ೭೧೮, ಬೇಬ್ ರೂತನದು ೬೯೦. ಪಂದ್ಯಗಳು ಕಡಮೆ, ಹೋಲಿಕೆ ಸರಿಯಲ್ಲವೆಂದು ಕೆಲವರು ಗೊಣಗಿದರು. ಅವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಆದರೆ ಕಾಬನಾಗಲಿ ರೂತನಾಗಲಿ ತಮ್ಮ ಕಾಲದ ಶ್ರೇಷ್ಠ ಕಪ್ಪು ಪಿಚರರನ್ನು ಲೀಗಿನ ಒಂದು ಪಂದ್ಯದಲ್ಲಿಯೂ ಎದುರಿಸಲಿಲ್ಲವೆಂಬುದನ್ನೂ ಅದೇ ತಕ್ಕಡಿಯಲ್ಲಿ ಇಡಬೇಕು.

ರಾಬಿನ್‌ಸನ್ನನ ಮರುವರ್ಷ, ಕಪ್ಪು ಲೀಗಿನಲ್ಲಿಯೇ ಕಲಿತ ಕ್ಯಾಚರನಾದ ರಾಯ್ ಕ್ಯಾಂಪನೆಲ್ಲಾ ಬ್ರೂಕ್ಲಿನ್ ತಂಡದಲ್ಲಿ ಬಿಳಿಯ ಪಿಚರರಿಗೆ ಸಂಜ್ಞೆ ಕೊಡುತ್ತ ಕುಳಿತನು. ಅವರು ಅದನ್ನು ಪಾಲಿಸಿದರು. ೧೯೫೧, ೧೯೫೩, ೧೯೫೫—ಮೂರು ಸಲ ಅವನು ಲೀಗಿನ ಅತ್ಯಮೂಲ್ಯ ಆಟಗಾರನೆಂಬ ಪ್ರಶಸ್ತಿ ಪಡೆದನು. ಆ ಪ್ರಶಸ್ತಿಗೆ ೧೯೪೪ರಿಂದ ಇಟ್ಟಿದ್ದ ಹೆಸರು ನ್ಯಾಯಾಧೀಶ ಲ್ಯಾಂಡಿಸನದು. ೨೦೨೦ರಲ್ಲಿ ಆ ಹೆಸರನ್ನು ತೆಗೆದುಹಾಕಿದರು. ಅಲ್ಲಿ ಗಿಬ್ಸನ್ನನ ಹೆಸರನ್ನಿಡಬೇಕೆಂದು ಅವನ ಮರಿಮಗನೂ ಇತರರೂ ಕೇಳಿದರು. ಇತ್ತ ಶೋಧಕರು ಪತ್ರಿಕೆಗಳನ್ನು ಹುಡುಕುವುದನ್ನು ನಿಲ್ಲಿಸಿಲ್ಲ. ೨೦೨೪ರಲ್ಲಿ ಕೈಗೆ ಸಿಕ್ಕಿದ್ದುದು ಆ ಲೀಗುಗಳ ಪಂದ್ಯಗಳ ಮುಕ್ಕಾಲು ಪಾಲಿನ ಲೆಕ್ಕವೆಂದು ಅವರೇ ಅಂದಾಜು ಮಾಡಿದ್ದರು. ಉಳಿದ ಕಾಲು ಪಾಲು ಯಾವುದಾದರೊಂದು ಊರಿನ ಹಳೆಯ ಕಾಗದದ ಕಟ್ಟಿನಲ್ಲಿ ಸಿಕ್ಕಿದರೆ ಆ ೩೭೨ ಎಂಬ ಅಂಕಿ ಒಂದೆರಡು ಮೇಲಕ್ಕೋ ಕೆಳಕ್ಕೋ ಸರಿಯಬಹುದು.